ಐವತ್ತೈದರಲ್ಲೇ ನಿಂತ ಮುಳ್ಳು

ಗಾಡಿಯ ಗೇರಿಗೆ ಹಾಕುವ ಎಣ್ಣೆಗೆ ಅದರದೇ ಒಂದು ವಾಸನೆಯಿದೆ. ಕೊಳೆತ ಈರುಳ್ಳಿಯನ್ನು ಕಬ್ಬಿಣದ ಬಾಣಲೆಯಲ್ಲಿ ಸೀಯಿಸಿದರೆ ಬರಬಹುದಾದಂಥ ವಾಸನೆ. ಮೇಸ್ತ್ರಿಗೆ ಐದಾರು ವರ್ಷವಾಗಿದ್ದಾಗ ಅಪ್ಪನ ಕೆಲಸದ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಂಡು ಅದನ್ನು ಕೋಲಿನ ತುದಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಹುಡುಗ ಮಾತ್ರ ಕಣ್ಣಾಮುಚ್ಚಾಲೆ ಆಡುವಾಗ ಆ ಅಂಗಿಯ ಹಿಂದೆಯೇ ಅಡಗುತ್ತಿದ್ದ, ಏಕೆಂದರೆ ಹುಡುಕಲು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಶೆಡ್ಡಿನ ಸಿಮೆಂಟ್ ನೆಲದ ಮೇಲೆ ರಟ್ಟು ಹಾಸಿ, ಹಳೆಯ ಮಿಲಿಟರಿ ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ಹಿಂದಿನ ಗಾಲಿಗಳ ಅಚ್ಚಿನ ಬಿರಡೆ ತಿರುಗಿಸಿದಾಗ, ಅದೇ ವಾಸನೆ ಮುಖಕ್ಕೆ ರಾಚಿತು.

"ಸದ್ಯ, ಇದನ್ನಾದ್ರೂ ಮರೆತಿಲ್ಲ," ಎಂದು ಮೇಸ್ತ್ರಿ ತಮ್ಮಷ್ಟಕ್ಕೆ ಹೇಳಿಕೊಂಡರು.

ಮರೆವಿನ ಮಾತು ಆ ಮನೆಯಲ್ಲಿ ಶುರುವಾಗಿ ಎರಡು ತಿಂಗಳಾಗಿತ್ತು. ಗಿರಾಕಿಯೊಬ್ಬನ ಕಾರಿನಿಂದ ಹಳೆಯ ಎಣ್ಣೆ ಇಳಿಸಿದ ಮೇಸ್ತ್ರಿ, ಹೊಸದನ್ನು ಹಾಕದೆಯೇ ಬಾನೆಟ್ ಮುಚ್ಚಿ ಕಾರನ್ನು ಒಪ್ಪಿಸಿಬಿಟ್ಟಿದ್ದರು. ಮೂಲೆಯಲ್ಲಿ ಎಣ್ಣೆಯ ಡಬ್ಬ ತುಂಬಿದಂತೆಯೇ ಕೂತಿದ್ದನ್ನು ಕಂಡ ಸೊಸೆ ಗೇಟಿನ ತನಕ ಓಡಿ, ಕಾರಿಗೆ ಅಡ್ಡ ನಿಂತು ತಡೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಮಾವ ಬಿಗಿ ಮಾಡಿದ ನಟ್ಟುಗಳನ್ನೆಲ್ಲ, ಅವರು ಕೈ ತೊಳೆಯಲು ಹೋದಾಗ, ಅವಳು ಇನ್ನೊಮ್ಮೆ ಬಿಗಿ ನೋಡುತ್ತಿದ್ದಳು. ಸದ್ದು ಕೇಳಿ ಅವರಿಗೆ ನೋವಾಗಬಾರದೆಂದು ನಟ್ಟು ತಿರುಗಿಸುವ ಪಾನೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅವಳದು ಒಳ್ಳೆಯ ಮನಸ್ಸೇ. ಆದರೆ ಬಟ್ಟೆ ಸುತ್ತಿದ ಆ ಪಾನೆ ಮೇಸ್ತ್ರಿಯ ಕಿವಿಗೆ ಸುತ್ತಿಗೆಗಿಂತ ಜೋರಾಗಿ ಕೇಳುತ್ತಿತ್ತು.

ಲಾರಿ ಓಡಿಸುತ್ತಿದ್ದವಳು ಸೊಸೆಯೇ. ಮಗನಿಗೆ ಎಂಜಿನ್ ಎಂದರೆ ಆಗದು. ಅವನು ಶಾಲೆಯಲ್ಲಿ ಚಿತ್ರ ಬರೆಯಲು ಕಲಿಸುತ್ತಾನೆ. ಲಾರಿಯ ಚಿತ್ರ ಬರೆದರೂ ಚಕ್ರ ಮೂರೇ ಹಾಕುತ್ತಾನೆಂದು ಹೆಂಡತಿ ಛೇಡಿಸುತ್ತಾಳೆ. ಲಾರಿಯ ಬೆನ್ನ ಮೇಲಿನ ತಗಡಿನ ಕೋಣೆಯಲ್ಲಿ ಆಸ್ಪತ್ರೆಯ ಎಕ್ಸ್-ರೇ ಯಂತ್ರವಿತ್ತು. ವಾರಕ್ಕೆರಡು ಸಲ ಅದನ್ನು ಬೆಟ್ಟದ ಮೇಲಿನ ಹಳ್ಳಿಗಳಿಗೆ ಒಯ್ಯಬೇಕು. ಕೊನೆಯ ಹದಿನಾಲ್ಕು ಕಿಲೋಮೀಟರ್ ರಸ್ತೆ ಎಂಬುದೇ ಇಲ್ಲ, ಹಳ್ಳ, ಬಂಡೆ, ಮೊಣಕಾಲುದ್ದ ಕೆಸರು. ಅಲ್ಲಿ ಈ ಲಾರಿ ಆನೆ. ಆದರೆ ಅದಕ್ಕೂ ಮೊದಲಿನ ನೂರಮೂವತ್ತು ಕಿಲೋಮೀಟರ್ ಹೆದ್ದಾರಿಯಲ್ಲಿ ಅದು ಆಮೆ. ಮೀಟರಿನ ಮುಳ್ಳು ಐವತ್ತೈದಕ್ಕೆ ಬಂದರೆ ಎಂಜಿನ್ ಕಿರುಚತೊಡಗುತ್ತಿತ್ತು, ಗಡ್ಡೆಗಡ್ಡೆ ಟೈರುಗಳು ಊಳಿಡುತ್ತಿದ್ದವು, ಮುಳ್ಳು ಮುಂದಕ್ಕೆ ಒಂದು ಗೆರೆಯೂ ಜರುಗುತ್ತಿರಲಿಲ್ಲ. ಲಾರಿ ತಲುಪುವ ಹೊತ್ತಿಗೆ, ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಬೆಳಿಗ್ಗೆಯೇ ಬಂದವರು ಕಾದು ಕಾದು ಹಿಂದಿರುಗಿರುತ್ತಿದ್ದರು.

"ಹೆದ್ದಾರಿಯಲ್ಲಿ ಎಪ್ಪತ್ತು ಓಡೋ ಹಾಗೆ ಮಾಡೋಕಾಗುತ್ತಾ ಮಾವ?" ಎಂದು ಸೊಸೆ ಕೇಳಿದ್ದಳು.

"ಎಪ್ಪತ್ತೇನು, ಎಪ್ಪತ್ತೇಳು ಓಡಿಸ್ತೀನಿ. ಓಡಲಿಲ್ಲ ಅಂದ್ರೆ ಶೆಡ್ಡಿನ ಬೀಗದ ಕೈ ನಿನಗೆ. ಆಮೇಲೆ ನಾನು ಪಾನೆ ಮುಟ್ಟಲ್ಲ."

ಮಾತು ಬಾಯಿಂದ ಜಾರಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ.

ಲೆಕ್ಕ ಸರಳವಾಗಿತ್ತು. ಅಚ್ಚಿನ ಒಳಗೆ ಒಂದು ಚಿಕ್ಕ ಹಲ್ಲಿನ ಚಕ್ರ ದೊಡ್ಡದೊಂದನ್ನು ತಿರುಗಿಸುತ್ತದೆ. ಈ ಲಾರಿಯಲ್ಲಿ ಚಿಕ್ಕದಕ್ಕೆ ಆರು ಹಲ್ಲು, ದೊಡ್ಡದಕ್ಕೆ ನಲವತ್ತೊಂದು. ಅಂದರೆ ಎಂಜಿನ್ ಪ್ರಾಣ ಬಿಟ್ಟು ತಿರುಗಿದರೂ ಟೈರು ನಿಧಾನ. ಎಂಟು ಹಲ್ಲಿನದೂ ಮೂವತ್ತೊಂಬತ್ತು ಹಲ್ಲಿನದೂ ಹಾಕಿದರೆ ಎಂಜಿನ್ನಿನ ಅಷ್ಟೇ ಓಟಕ್ಕೆ ಲಾರಿ ಎಪ್ಪತ್ತೇಳು ಹೋಗಬೇಕು. ಮೇಸ್ತ್ರಿ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುಣಿಸಿ, ಭಾಗಿಸಿ, ಉತ್ತರದ ಸುತ್ತ ಒಂದು ಸೊನ್ನೆ ಸುತ್ತಿದರು.

ಆ ಹಲ್ಲಿನ ಚಕ್ರಗಳನ್ನು ಗುಜರಿಯಿಂದ ಹುಡುಕಿ ತಂದವನು ಪಕ್ಕದ ಅಂಗಡಿಯಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದವನು. ಯಾರಾದರೂ "ಸ್ವಲ್ಪ" ಎಂದರೆ "ಎಷ್ಟು ಮಿಲಿಮೀಟರು?" ಎನ್ನುವವನಾದ್ದರಿಂದ ಅವನಿಗೆ ಮಿಲಿಮೀಟರ್ ಎಂದೇ ಹೆಸರು. ಹನ್ನೆರಡು ದಿನ ಮೂವರೂ ಹಗಲೆಲ್ಲ ದುಡಿದರು. ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡನ್ನೂ ಬಿಚ್ಚಿ ಚಕ್ರ ಬದಲಿಸಿದರು. ಟೈರುಗಳನ್ನೂ ಬದಲಿಸಿದರು, ಅದೇ ಎತ್ತರದ್ದು, ಆದರೆ ಊಳಿಡದ ಜಾತಿಯದು.

ಹದಿಮೂರನೆಯ ದಿನ ಬೆಳಿಗ್ಗೆ ಸೊಸೆ ಲಾರಿಯನ್ನು ಹೆದ್ದಾರಿಗೆ ಹತ್ತಿಸಿದಳು. ಪಕ್ಕದಲ್ಲಿ ಮೇಸ್ತ್ರಿ, ಕಿಟಕಿಗೆ ಒತ್ತಿಕೊಂಡು ಮಿಲಿಮೀಟರ್. ಎರಡೂ ಬದಿಗೆ ಬಯಲು, ಎದುರಿಗೆ ಅಳತೆಗೋಲಿನಂಥ ಖಾಲಿ ರಸ್ತೆ. ಮುಳ್ಳು ನಲವತ್ತಕ್ಕೆ ಬಂತು, ಐವತ್ತಕ್ಕೆ ಬಂತು, ಐವತ್ತೈದಕ್ಕೆ ಬಂದು ಎಂಜಿನ್ ಕಿರುಚಿತು.

"ತುಳಿಯಮ್ಮಾ."

"ತುಳಿದೇ ಇದೀನಿ ಮಾವ. ಇನ್ನು ತುಳಿದ್ರೆ ಕಾಲು ರಸ್ತೆಗೆ ತಾಗುತ್ತೆ."

ಮುಳ್ಳು ಐವತ್ತೈದರಲ್ಲೇ ನಿಂತಿತು. ಹನ್ನೆರಡು ದಿನದ ಕೆಲಸವನ್ನು ಯಾರೂ ಮಾಡಿಯೇ ಇಲ್ಲವೇನೋ ಎಂಬಂತೆ, ಹಿಂದೆ ಎಲ್ಲಿ ನಿಲ್ಲುತ್ತಿತ್ತೋ ಕೂದಲೆಳೆಯೂ ಆಚೀಚೆಯಾಗದೆ ಅಲ್ಲೇ.

"ಚಕ್ರ ಬದಲಾಯಿಸಿದ್ವಿ ತಾನೇ?" ಮೇಸ್ತ್ರಿ ಮೆಲ್ಲಗೆ ಕೇಳಿದರು.

"ಇದೇನ್ ಕೇಳ್ತೀರಿ ಮೇಸ್ತ್ರಿ! ಹಳೇದು ನನ್ನ ಲೇತಿನ ಕೆಳಗೆ ಬಿದ್ದಿದೆ. ಬೆಳಿಗ್ಗೆ ಎಡವಿ ಬಿದ್ದೆ," ಎಂದ ಮಿಲಿಮೀಟರ್.

ಶೆಡ್ಡಿಗೆ ಮರಳಿದ ಮೇಲೆ ಮೇಸ್ತ್ರಿ ಜಾಕ್ ಹಾಕಿ, ಹಿಂದಿನ ಟೈರುಗಳನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಅಚ್ಚಿಗೆ ಬರುವ ಉದ್ದನೆಯ ದಂಡ ಎಷ್ಟು ಸುತ್ತು ಸುತ್ತುತ್ತದೆಂದು ಎಣಿಸಿದರು. ಐದಕ್ಕೆ ಒಂದಿಷ್ಟು ಕಡಿಮೆ. ಲೆಕ್ಕದಂತೆಯೇ ಇತ್ತು. ನಂಬಿಕೆ ಬರಲಿಲ್ಲ, ಮತ್ತೆ ಎಣಿಸಿದರು. ಮೂರನೆಯ ಸಲ ಎಣಿಸುವಾಗ ನಡುವೆ ಎಲ್ಲಿದ್ದೇನೆಂಬುದೇ ತಪ್ಪಿತು. ಗೋಡೆಯ ಗುಣಾಕಾರವನ್ನು ಅಳಿಸಿ ಹೊಸದಾಗಿ ಮಾಡಿದರು. ಎಪ್ಪತ್ತೇಳು. ಗೋಡೆ ಒಂದು ಹೇಳುತ್ತಿತ್ತು, ಮೀಟರು ಇನ್ನೊಂದು ಹೇಳುತ್ತಿತ್ತು, ಎರಡರ ನಡುವೆ ನಿಂತ ತಮ್ಮ ತಲೆ ಯಾವ ಪಕ್ಷವೆಂದು ಅವರಿಗೇ ತಿಳಿಯಲಿಲ್ಲ.

ಮೀಟರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ, ಅಂದರೆ ಮರೆವಿನ ಮಾತು ಬರುವುದಕ್ಕೆ ಮೊದಲು, ಅದನ್ನು ಬಿಚ್ಚಿ ಸರಿಪಡಿಸಿದ್ದು ಸ್ವತಃ ಮೇಸ್ತ್ರಿ. ಅದರೊಳಗಿನ ಕಡ್ಡಿಯನ್ನು ಲೇತಿನಲ್ಲಿ ಮಾಡಿಕೊಟ್ಟಿದ್ದು ಮಿಲಿಮೀಟರ್. ಸೊಸೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿಗೆ ಹೋಲಿಸಿ ಪರೀಕ್ಷೆ ಮಾಡಿದ್ದಳು. ಆ ಲಾರಿಯಲ್ಲಿ ಮೂವರೂ ಕಣ್ಣು ಮುಚ್ಚಿ ನಂಬುತ್ತಿದ್ದ ಒಂದೇ ವಸ್ತು ಅದು.

ಮರುದಿನ ಮತ್ತೆ ಹೊರಟರು, ಈ ಸಲ ಇಬ್ಬರೇ, ರೈಲ್ವೆ ಗೇಟಿನ ತನಕ. ಇಪ್ಪತ್ತೆರಡು ಕಿಲೋಮೀಟರ್. ಐವತ್ತೈದರಲ್ಲಿ ಹೋದರೆ ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತದೆಂಬುದು ಮೇಸ್ತ್ರಿಗೆ ಕಂಠಪಾಠ. ಗೇಟು ಬಂದಾಗ ಕೈಗಡಿಯಾರ ನೋಡಿದರು. ಹದಿನೆಂಟು ನಿಮಿಷವೂ ಆಗಿರಲಿಲ್ಲ. ಹೊರಟದ್ದು ಏಳೂವರೆಗೋ, ಏಳು ಇಪ್ಪತ್ತೈದಕ್ಕೋ? ಹೊರಡುವಾಗ ಗಡಿಯಾರ ನೋಡಿದ್ದು ನಿಜವೋ, ನೋಡಿದೆ ಎಂದು ಈಗ ಅನಿಸುತ್ತಿರುವುದೋ?

"ಕಂಬಗಳು ಬೇಗ ಬೇಗ ಬರ್ತಿವೆ ಅನ್ಸಲ್ವಾ ಮಾವ?" ಎಂದಳು ಸೊಸೆ. "ಟೈರಿನ ಗಲಾಟೆ ಇಲ್ಲದ್ದಕ್ಕೋ ಏನೋ, ಗೊತ್ತೇ ಆಗ್ತಿಲ್ಲ."

"ಹೂಂ," ಎಂದರು ಮೇಸ್ತ್ರಿ. ಗಡಿಯಾರದ ವಿಷಯ ಬಾಯಿಬಿಡಲಿಲ್ಲ. ಎಣ್ಣೆ ಮರೆತವನು ಈಗ ಹೊತ್ತನ್ನೂ ಮರೆಯುತ್ತಾನೆಂದು ಅವಳಿಗೆ ಇನ್ನೊಂದು ಸಾಕ್ಷಿ ತಾವೇ ಕೊಡುವುದೇಕೆ?

ಅಂದು ಸಂಜೆ ಶೆಡ್ಡಿನ ಬೀಗದ ಕೈಯನ್ನು ತೆಗೆದು ಅವಳೆದುರಿನ ಮೇಜಿನ ಮೇಲಿಟ್ಟರು.

"ಏನಿದು?"

"ಮಾತು ಅಂದ್ರೆ ಮಾತು."

"ನಿಮ್ಮ ಮಾತು ಹಾಗಿರಲಿ. ನಾಳೆ ಆಸ್ಪತ್ರೆಗೆ ಬನ್ನಿ. ಲಾರಿ ಓಡಲ್ಲ ಅಂತ ನಾನೊಬ್ಬಳೇ ಹೋಗಿ ಹೇಳೋದಾ? ಬೈಸ್ಕೊಳ್ಳೋಕೆ ಜೊತೆ ಬೇಡ್ವಾ?" ಎಂದು ಅವಳು ಕೀಲಿಯನ್ನು ಮುಟ್ಟದೆ ಎದ್ದು ಹೋದಳು. ಅವಳು ತಮಾಷೆ ಮಾಡುತ್ತಿದ್ದಾಳೋ, ಕರುಣೆ ತೋರಿಸುತ್ತಿದ್ದಾಳೋ ಮೇಸ್ತ್ರಿಗೆ ಅರ್ಥವಾಗಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ, ಆಸ್ಪತ್ರೆಗೆ ಹೋಗುವಾಗ, ಹೆದ್ದಾರಿಯ ಒಂದು ಒಂಟಿ ಮರದ ನೆರಳಿನಿಂದ ಸಂಚಾರಿ ಪೊಲೀಸಿನ ಹೆಣ್ಣುಮಗಳೊಬ್ಬಳು ಕೈ ಅಡ್ಡ ಮಾಡಿ ಲಾರಿಯನ್ನು ನಿಲ್ಲಿಸಿದಳು. ಹೆಗಲಿನಲ್ಲಿ ವೇಗ ಅಳೆಯುವ ಯಂತ್ರ ತೂಗುತ್ತಿತ್ತು.

"ಇಲ್ಲಿ ಎಪ್ಪತ್ತು ದಾಟಬಾರದು ಅಂತ ಬೋರ್ಡ್ ಇದೆ, ಕಾಣಲಿಲ್ವಾ?"

"ನಾನು ಐವತ್ತೈದರಲ್ಲಿ ಬಂದೆ," ಎಂದಳು ಸೊಸೆ.

"ಎಪ್ಪತ್ತೆಂಟು."

ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮೇಸ್ತ್ರಿಗೆ ರೇಗಿಹೋಯಿತು. ಬಾಗಿಲು ತೆರೆದು, ಎತ್ತರದ ಮೆಟ್ಟಿಲಿನಿಂದ ಹಿಂದುಮುಂದಾಗಿ ಇಳಿದರು.

"ಏನಮ್ಮಾ, ಯಾರಿಗೆ ಹೇಳ್ತೀಯಾ? ಈ ಲಾರೀನ ಬೆಟ್ಟದ ತುದಿಯಿಂದ ಕೆಳಗೆ ತಳ್ಳಿದ್ರೂ ಎಪ್ಪತ್ತೆಂಟು ಹೋಗಲ್ಲ! ಹನ್ನೆರಡು ದಿನ ಇದರ ಹೊಟ್ಟೆಯೊಳಗೆ ಇದ್ದವನು ನಾನು. ಹೋಗಿದ್ರೆ ನಾನ್ಯಾಕೆ ಹೀಗೆ ಹೆಣದ ಹಾಗೆ ಕೂತಿರ್ತಿದ್ದೆ?"

"ಅಜ್ಜಾ, ವೇಗ ಜಾಸ್ತಿ ಇತ್ತು ಅಂದಿದ್ದಕ್ಕೆ ಇಲ್ಲ ಅಂತ ಜಗಳ ಆಡೋರನ್ನ ದಿನಾ ನೋಡ್ತೀನಿ. ಓಡೋ ಯೋಗ್ಯತೆನೇ ಇಲ್ಲ ಅಂತ ತಮ್ಮ ಗಾಡೀನ ತಾವೇ ಬೈಯೋರನ್ನ ಇವತ್ತೇ ನೋಡಿದ್ದು." ಅವಳು ಯಂತ್ರದ ಪರದೆಯನ್ನು ಅವರ ಕಡೆ ತಿರುಗಿಸಿದಳು. "ಬೆಳಿಗ್ಗೆ ತಾನೇ ಪರೀಕ್ಷೆ ಮಾಡಿ ಕೊಟ್ಟಿದ್ದಾರೆ. ನೀವೇ ನೋಡಿ."

ಮೇಸ್ತ್ರಿ ನೋಡಿದರು. ಕನ್ನಡಕ ತೆಗೆದು, ಅಂಗಿಯಂಚಿನಲ್ಲಿ ಒರೆಸಿ, ಮತ್ತೆ ನೋಡಿದರು. ಬಾಯಿ ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ನಡುವೆ ಲೆಕ್ಕ ನಿಂತಿತು. ಅವರು ಲಾರಿಯ ಅಡಿಗೆ ತೆವಳಿದರು.

"ಮಾವ! ಏನಾಯ್ತು?"

"ಮೀಟರಿನ ತಂತಿ ಎಲ್ಲಿಂದ ಹೊರಡುತ್ತೆ, ಹೇಳು."

ಸೊಸೆ ಬಗ್ಗಿ ನೋಡಿದಳು. "ಗೇರ್ ಪೆಟ್ಟಿಗೆಯ ಹಿಂದಿನಿಂದ."

"ಟೈರಿನಿಂದ ಅಲ್ಲ! ಪೆಟ್ಟಿಗೆಯಿಂದ! ನಾವು ಬದಲಾಯಿಸಿದ್ದು ಅದಕ್ಕಿಂತ ಹಿಂದೆ, ಅಚ್ಚಿನಲ್ಲಿ. ಟೈರು ಎಷ್ಟು ಜೋರಾಗಿ ತಿರುಗ್ತಿದೆ ಅಂತ ಆ ಬಡಪಾಯಿ ಮೀಟರಿಗೆ ಹೇಳಿದವರು ಯಾರು? ಅದು ಹಳೇ ಅಚ್ಚೇ ಇದೆ ಅಂತ ಅಂದುಕೊಂಡು ಹಳೇ ಪಾಠ ಒಪ್ಪಿಸ್ತಿದೆ."

ಅಲ್ಲಿ ಬೆಳಕು ಸಾಲದು. ಪೊಲೀಸಿನವಳು ಮೋಟರ್‌ಬೈಕಿನಿಂದ ಟಾರ್ಚ್ ತಂದು, ಸಮವಸ್ತ್ರದ ಮೊಣಕಾಲನ್ನು ಮಣ್ಣಿಗೆ ಊರಿ, ಯಾರೂ ಕೇಳದಿದ್ದರೂ ಹಿಡಿದುಕೊಂಡು ಕೂತಳು. ತಂತಿಯ ಬುಡದಲ್ಲಿ, ಹೆಬ್ಬೆರಳಿನಷ್ಟಿದ್ದ ಒಂದು ಪುಟ್ಟ ಹಲ್ಲಿನ ಚಕ್ರ. ಅದನ್ನೂ ಬದಲಿಸಬೇಕಿತ್ತು.

ಮೇಸ್ತ್ರಿ ನಗತೊಡಗಿದರು. ಮಲಗಿದಲ್ಲೇ, ಹೊಟ್ಟೆ ಕುಲುಕುವಂತೆ.

"ಎಪ್ಪತ್ತೇಳು! ನಾನು ಗೋಡೆ ಮೇಲೆ ಬರೆದಿದ್ದೆ. ನಿನ್ನ ಯಂತ್ರ ಒಂದು ಜಾಸ್ತಿ ಹೇಳ್ತಿದೆ ತಾಯಿ, ರಿಪೇರಿಗೆ ಕೊಡು."

"ದಂಡದ ಚೀಟಿ ಬರೀಲೇಬೇಕು ಅಜ್ಜಾ."

"ಬರಿ, ಬರಿ. ಅಂಕಿ ಮಾತ್ರ ದಪ್ಪಗೆ ಬರಿ. ಚೌಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕ್ತೀನಿ."

ಆಮೇಲೆ ನಗು ಎಲ್ಲಿಗೋ ಇಳಿದುಹೋಯಿತು. ಹೊರಗೆ ಬಂದು ಲಾರಿಯ ಮೆಟ್ಟಿಲ ಮೇಲೆ ಕೂತರು. ಗುಣಾಕಾರ ಸರಿಯಿತ್ತು, ಹಲ್ಲಿನ ಎಣಿಕೆ ಸರಿಯಿತ್ತು, ಗಡಿಯಾರ ನೋಡಿದ್ದೂ ಸರಿಯೇ. ಆದರೆ ಅಚ್ಚಿನ ಚಕ್ರ ಬದಲಿಸಿದರೆ ಮೀಟರಿನ ಚಕ್ರವನ್ನೂ ಬದಲಿಸಬೇಕೆಂದು ನಲವತ್ತು ವರ್ಷ ಹತ್ತಾರು ಜನರಿಗೆ ಹೇಳಿಕೊಟ್ಟವರು ತಾವೇ. ಅದು ಹೊಳೆಯಲೇ ಇಲ್ಲ. ಹಾಗಾದರೆ ತಲೆ ನೆಟ್ಟಗಿದೆಯೋ, ಇಲ್ಲವೋ? ಸಂತೋಷಪಡಬೇಕೋ, ಹೆದರಬೇಕೋ?

"ಈಗ ನಾನು ಗೆದ್ದೆನಾ, ಸೋತೆನಾ? ನೀನೇ ಹೇಳು."

ಸುಳ್ಳು ಹೇಳುವ ಅಭ್ಯಾಸ ಸೊಸೆಗಿರಲಿಲ್ಲ.

"ಗೊತ್ತಿಲ್ಲ ಮಾವ. ನಿಮಗೆ ಹೊಳೆಯಲಿಲ್ಲ, ನಿಜ. ನನಗೂ ಹೊಳೆಯಲಿಲ್ಲ, ನನಗಿನ್ನೂ ನಲವತ್ತು. ಮಿಲಿಮೀಟರಿಗೂ ಹೊಳೆಯಲಿಲ್ಲ. ಮೂವರಿಗೂ ಮರೆವು ಅನ್ನೋಣ್ವಾ?" ಆಮೇಲೆ ದನಿ ತಗ್ಗಿಸಿ ಸೇರಿಸಿದಳು, "ಆ ಪುಟ್ಟ ಚಕ್ರ ನೀವೇ ಹಾಕಿ. ಈ ಸಲ ನೀವು ಬಿಗಿ ಮಾಡಿದ್ದನ್ನ ನಾನು ಮುಟ್ಟಲ್ಲ."

ಮೇಸ್ತ್ರಿ ಬಯಲಿನ ಕಡೆ ಮುಖ ತಿರುಗಿಸಿದರು. ಬಟ್ಟೆ ಸುತ್ತಿದ ಪಾನೆಯ ವಿಷಯ ತಮಗೆ ಗೊತ್ತೆಂಬುದು ಅವಳಿಗೆ ಎಂದಿನಿಂದ ಗೊತ್ತಿತ್ತು? ಅತ್ತ ನೋಡುತ್ತಲೇ ಹೇಳಿದರು:

"ಬೇಡ. ಮುಟ್ಟಿ ನೋಡು. ಆದರೆ ನಾನು ಅಲ್ಲೇ ಇರುವಾಗ ನೋಡು. ಬಟ್ಟೆ ಗಿಟ್ಟೆ ಬೇಡ."

"ಆಯ್ತು."

ಸೊಸೆ ಕ್ಯಾಬಿನ್ನಿಗೆ ಹತ್ತಿ, ಸೀಟಿನ ಹಿಂದಿನಿಂದ ಚೀಲ ತೆಗೆದಳು. ಮಾವನ ಕೈಗಳು ಮೊಣಕೈತನಕ ಕಪ್ಪಾಗಿದ್ದವು, ತೊಳೆಯಲು ಹತ್ತಿರದಲ್ಲೆಲ್ಲೂ ನೀರಿರಲಿಲ್ಲ. ಅವಳು ಎರಡು ಬ್ರೆಡ್ಡಿನ ನಡುವೆ ಬೇಯಿಸಿದ ಮೊಟ್ಟೆಯನ್ನು ಹೆಚ್ಚಿ ಜೋಡಿಸಿದಳು, ಉಪ್ಪು ಉದುರಿಸಿದಳು, ಅವರ ಬೆರಳು ತಾಗದಂತೆ ಅರ್ಧದವರೆಗೆ ಕಾಗದ ಸುತ್ತಿದಳು. ಕೆಳಗಿಳಿದು ಬಂದು, ಅವರ ಬಲಗೈ ಪಕ್ಕದಲ್ಲಿ ಹಿಡಿದಳು.