ಹೆಗಲ ಮೇಲೆ ಯಾರ ಕೈ

ಸುದ್ದಿ ಕಿವಿಗೆ ಬಿದ್ದಾಗ ಟೈಲರಮ್ಮನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು.

ಶನಿವಾರ ಮಧ್ಯಾಹ್ನ. ಚರ್ಚಿನ ಹಿಂದಿನ ಕೋಣೆಯಲ್ಲಿ ಅವಳೂ ಔಷಧಿ ಅಂಗಡಿಯಾಕೆಯೂ ಭಾನುವಾರದ ಪೂಜೆಗೆ ಬಟ್ಟೆ ಸಿದ್ಧ ಮಾಡುತ್ತಿದ್ದರು. ಪೀಠದ ಹಾಸು, ಪಾತ್ರೆ ಒರೆಸುವ ಪುಟ್ಟ ಬಿಳಿ ಬಟ್ಟೆಗಳು, ಫಾದರ್ ಅವರ ನಿಲುವಂಗಿ. ಒಗೆಯುವುದು ಔಷಧಿ ಅಂಗಡಿಯಾಕೆಯ ಪಾಲು, ಹೊಲಿಗೆ ಮತ್ತು ಇಸ್ತ್ರಿ ಇವಳದು. ಸಂಬಳವಿಲ್ಲದ ಕೆಲಸ. ಆದರೆ ಈ ಕೋಣೆಯ ಬೀಗದ ಕೈ ತನ್ನ ಸೊಂಟದಲ್ಲಿದೆ ಎಂಬ ಹೆಮ್ಮೆ ಅವಳಿಗೆ ಸಣ್ಣದಾಗಿರಲಿಲ್ಲ.

"ನಿನ್ನ ಯಜಮಾನ್ರು ಹೆಸರು ಕೊಟ್ಟಿದಾರಂತಲ್ಲ," ಎಂದಳು ಔಷಧಿ ಅಂಗಡಿಯಾಕೆ.

"ಎಲ್ಲಿಗೆ?"

"ಮಂಗಳವಾರ ಸಂಜೆ ಸಿಸ್ಟರ್ ಪಾಠ ಮಾಡ್ತಾರಲ್ಲ, ಜ್ಞಾನಸ್ನಾನ ಬೇಕು ಅನ್ನೋ ದೊಡ್ಡವರಿಗೆ, ಅಲ್ಲಿಗೆ. ಇವರು ಒಳ್ಳೆಯವರು ಅಂತ ಡ್ರೈವರಣ್ಣನೇ ಹೊಣೆಗಾರನಾಗಿ ನಿಲ್ತಾರಂತೆ. ಯಾಕೆ, ನಿಂಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು," ಎಂದಳು ಟೈಲರಮ್ಮ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದರೆ ಪೀಠದ ಹಾಸಿನ ನಟ್ಟನಡುವೆ ಅದರ ಕಂದು ಅಚ್ಚು. ಇಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಕರ್ಚೀಫೂ ಸುಟ್ಟಿರಲಿಲ್ಲ.

ಔಷಧಿ ಅಂಗಡಿಯಾಕೆ ಬಗ್ಗಿ ನೋಡಿದಳು. "ಪೀಠದ ಬಟ್ಟೆ ಹಾಳಾದ್ರೆ ಕಸಕ್ಕೆ ಹಾಕಬಾರ್ದು, ಸುಡಬೇಕು ಅಂತಾರೆ. ಅರ್ಧ ಕೆಲಸ ನೀನೇ ಮುಗಿಸ್ದೆ ಬಿಡು."

ಟೈಲರಮ್ಮನಿಗೆ ನಗು ಬರಲಿಲ್ಲ.

ಅವಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಹುಟ್ಟಿದ್ದು ಯಾವ ಚರ್ಚಿಗೂ ಸೇರದ ಮನೆಯಲ್ಲಿ. ಮದುವೆಗೆ ಮುಂಚೆ ಫಾದರ್ ಅವರ ಒಪ್ಪಿಗೆ ಪಡೆದು, "ನಿನ್ನ ದೇವರಿಗೆ ನಾನು ಅಡ್ಡ ಬರಲ್ಲ" ಎಂದು ಮಾತು ಕೊಟ್ಟಿದ್ದ. ಆ ಮಾತನ್ನು ಉಳಿಸಿಕೊಂಡೂ ಇದ್ದ. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಅವಳನ್ನು ಚರ್ಚಿನ ಗೇಟಿನ ತನಕ ತಂದು ಬಿಡುವುದು, ಪೂಜೆ ಮುಗಿಯುವವರೆಗೆ ಮರದ ಕೆಳಗೆ ಪೇಪರ್ ಓದುತ್ತಾ ಕೂರುವುದು. ಮಗಳ ಜ್ಞಾನಸ್ನಾನದ ದಿನ ಒಳಗೆ ಬಂದು ಕಂಬದ ಹಿಂದೆ ನಿಂತಿದ್ದ, ಅಷ್ಟೇ. ಆ ಮಗಳೂ ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ.

ಒಳಗೆ ಬನ್ನಿ ಎಂದು ಟೈಲರಮ್ಮ ಕೇಳದ ದಿನವಿಲ್ಲ. ಮುದ್ದಿನಿಂದ ಕೇಳಿದ್ದಳು, ಮುನಿಸಿಕೊಂಡು ಕೇಳಿದ್ದಳು. ಮಂಡಿಯೂರಿ ಜಪಸರ ಹಿಡಿದು, ಅವನಿಗೆ ಕೇಳಿಸುವಷ್ಟು ಜೋರಾಗಿ ಅವನಿಗಾಗಿ ಪ್ರಾರ್ಥಿಸಿದ್ದೂ ಉಂಟು. "ಒಳ್ಳೇದಾಗುತ್ತೆ ರೀ ನಿಮಗೆ, ಒಂದ್ಸಲ ಬನ್ನಿ," ಎಂದರೆ ಅವನು ಪೇಪರ್ ಮಡಿಸಿ, "ನಂಗೆ ಈಗ ಏನು ಕೆಟ್ಟದಾಗಿದೆ?" ಎನ್ನುತ್ತಿದ್ದ.

ಹಾಗಿದ್ದವನು ಕೆಲವು ತಿಂಗಳ ಹಿಂದೆ ಡ್ರೈವರಣ್ಣನ ಬಲೆಗೆ ಬಿದ್ದ. ಟೈಲರಮ್ಮ ಅದನ್ನು ಬಲೆ ಎಂದೇ ಕರೆಯುತ್ತಿದ್ದಳು. ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿಯನ್ನು ಕಳೆದುಕೊಂಡವನು. ಭಾನುವಾರಗಳಲ್ಲಿ ಕೇಸರಿ ಜಾಕೆಟ್ಟು ತೊಟ್ಟು, ಸೀಟಿ ಊದುತ್ತಾ ಚರ್ಚಿನ ಅಂಗಳದಲ್ಲಿ ಗಾಡಿ ನಿಲ್ಲಿಸುವ ಸೇವೆ ಮಾಡುತ್ತಿದ್ದ. ಒಂದು ದಿನ ದೊಡ್ಡ ವ್ಯಾನೊಂದು ಗೇಟಿಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿತು. ಡ್ರೈವರಣ್ಣ ಮರದ ಕಡೆ ತಿರುಗಿ, "ಏ ತಮ್ಮಾ, ಪೇಪರ್ ಓಡಿಹೋಗಲ್ಲ. ಬಾ, ಆ ಕಡೆ ನಿಂತು ಸ್ವಲ್ಪ ಕೈ ತೋರ್ಸು," ಎಂದ. ಇವನು ಹೋದ. ಮುಂದಿನ ಭಾನುವಾರ ಇವನ ಮೈಮೇಲೂ ಒಂದು ಜಾಕೆಟ್ಟು. ಗಾಡಿಗಳು ನಿಂತಾದ ಮೇಲೆ ಡ್ರೈವರಣ್ಣ ಒಳಗೆ ಹೋಗಿ ಹಿಂದಿನ ಬಾಗಿಲ ಬಳಿ ನಿಲ್ಲುತ್ತಿದ್ದ. ಇವನೂ ಹೋಗಿ ನಿಂತ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಡತಿಗೆ ತಿರುಗಿ ತಿರುಗಿ ಕತ್ತು ನೋವು ಬಂದಿತ್ತು.

ಸುದ್ದಿ ಕೇಳಿದ ಆ ಶನಿವಾರ ಸಂಜೆ ತಟ್ಟೆಗೆ ಬಡಿಸುತ್ತಾ ಅವಳು ಕೇಳಿಯೇಬಿಟ್ಟಳು.

"ಹೆಸರು ಕೊಟ್ಟಿದೀರಂತೆ."

"ಹೂಂ. ನಿಂಗೆ ಹೇಳಣ ಅಂತಿದ್ದೆ."

"ಊರಿಗೆಲ್ಲ ಹೇಳಿ ಆದ್ಮೇಲೆ."

"ಊರಿಗೆ ಎಲ್ಲಿ ಹೇಳ್ದೆ? ಅಣ್ಣಂಗೆ ಹೇಳ್ದೆ, ಸಿಸ್ಟರ್‌ಗೆ ಹೇಳ್ದೆ."

"ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡೆ. ನೀವು ಅಲ್ಲಾಡ್ಲಿಲ್ಲ. ಆ ಮನುಷ್ಯ ಒಂದು ಸೀಟಿ ಊದಿದ, ಓಡಿಹೋದ್ರಿ. ಯಾಕೆ ಅಂತ ಹೇಳಿ."

ಅವನು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಸುಳ್ಳು ಹೇಳಲು ಬಾರದವನು, ಅದೇ ಅವಳ ಕಷ್ಟ.

"ಅವರಿಗೆ ಜನ ಕಮ್ಮಿ ಇತ್ತು," ಎಂದ.

ಟೈಲರಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. ಇನ್ನೊಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದಾದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು, ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಬಿಳಿ ಮೀಸೆಯ ಬಸ್ ಡ್ರೈವರನ ಮೇಲೆ ಹೊಟ್ಟೆ ಉರಿದುಕೊಂಡರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಮಂಗಳವಾರಗಳು ಬಂದವು. ಗಂಡ ಪಾಠ ಮುಗಿಸಿ ಬಂದರೆ ಬಾಯಲ್ಲಿ ಬರೀ ಅಣ್ಣ. ಅಣ್ಣ ಹೀಗಂದ್ರು, ಅಣ್ಣ ಹಾಗಂದ್ರು. ಒಂದು ದಿನ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪರಲೋಕ ಮಂತ್ರವನ್ನು ತಪ್ಪಿಲ್ಲದೆ ಹೇಳಿದ. ಅದೇ ಮಂತ್ರವನ್ನು ಅವಳು ಮಗಳಿಗೆ ಕಲಿಸುವಾಗ ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದವನು. "ಅಣ್ಣ ಗಾಡಿ ನಿಲ್ಲಿಸ್ತಾ ನಿಲ್ಲಿಸ್ತಾ ಒಂದೊಂದೇ ಸಾಲು ಹೇಳಿಕೊಟ್ರು," ಎಂದ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ಎರಡು ಸಾಲು ತಪ್ಪಿದೆ," ಎಂದಳು. ಒಂದೂ ತಪ್ಪಿರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಹತ್ತಿರ ಬಂದಾಗ ಸಿಸ್ಟರ್, ಜ್ಞಾನಸ್ನಾನದ ಮೊದಲ ಮೆಟ್ಟಿಲಾದ ಸ್ವೀಕಾರದ ವಿಧಿಗೆ ದಿನ ಗೊತ್ತು ಮಾಡಿದರು. ಹೊಸಬರು ಅಂದು ಚರ್ಚಿನ ಬಾಗಿಲ ಹೊರಗೆ ನಿಲ್ಲಬೇಕು. ಫಾದರ್ ಬಂದು, ಏನು ಬೇಕು ಎಂದು ಕೇಳುತ್ತಾರೆ. ಹೊಣೆಗಾರ ಅವರ ಹೆಗಲ ಮೇಲೆ ಕೈಯಿಟ್ಟು ನಿಂತು, ಆಮೇಲೆ ಅವರ ಹಣೆ, ಕಿವಿ, ಕಣ್ಣು, ತುಟಿ, ಎದೆ, ಹೆಗಲು, ಕೈ, ಕೊನೆಗೆ ಪಾದಗಳ ಮೇಲೂ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಬೇಕು. ಆಮೇಲೆಯೇ ಒಳಗೆ ಪ್ರವೇಶ.

ಟೈಲರಮ್ಮ ಸಿಸ್ಟರ್ ಬಳಿ ಹೋದಳು. ಕೈಯಲ್ಲಿ ಹೊಸ ಪೀಠದ ಹಾಸು, ಮುಖದಲ್ಲಿ ಕರುಣೆ.

"ಪಾಪ, ಡ್ರೈವರಣ್ಣಂಗೆ ಮಂಡಿ ಸರಿ ಇಲ್ಲ ಸಿಸ್ಟರ್. ಜೀವಮಾನವೆಲ್ಲ ಕ್ಲಚ್ಚು ಒತ್ತಿದ ಕಾಲು. ಪಾದದ ತನಕ ಬಗ್ಗೋಕೆ ಆಗುತ್ತಾ? ನನಗೇನು, ನಾನಿದ್ದೀನಿ. ಬೇಕಾದ್ರೆ ನಿಂತ್ಕೋತೀನಿ."

ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. "ಹೆಂಡತೀನ ಹೊಣೆಗಾರಳಾಗಿ ನಿಲ್ಲಿಸೋ ರೂಢಿ ಇಲ್ಲಮ್ಮ. ಈ ಮನುಷ್ಯ ಒಳ್ಳೆಯವನಾ ಅಂತ ನಾವು ಕೇಳಿದ್ರೆ ನೀನು ಒಂದೋ ಪೂರ್ತಿ ಹೌದು ಅಂತೀಯ, ಇಲ್ಲ ಪೂರ್ತಿ ಅಲ್ಲ ಅಂತೀಯ. ನಮಗೆ ನಡುವಿನ ಉತ್ತರ ಬೇಕು." ಆಮೇಲೆ ಹಾಸನ್ನು ತಿರುವಿ ನೋಡಿ, "ಹೊಲಿಗೆ ಚೆನ್ನಾಗಿದೆ. ಮಂಡಿ ವಿಷಯ ನಾನು ಅವರನ್ನ ಕೇಳ್ತೀನಿ," ಎಂದರು.

ಕೇಳಿರಬೇಕು. ಮರುದಿನವೇ ಡ್ರೈವರಣ್ಣ ಟೈಲರಮ್ಮನ ಅಂಗಡಿಗೆ ಬಂದ. ಕಂಕುಳಲ್ಲಿ ಕಪ್ಪು ಪ್ಯಾಂಟು.

"ನೋಡಮ್ಮಾ, ಮಂಡಿ ಹತ್ರ ಸ್ವಲ್ಪ ಬಿಡ್ಬೇಕು. ಬಗ್ಗಿದ್ರೆ ಹಿಡಿಯುತ್ತೆ. ನಿನ್ನ ಗಂಡನ ಕಾಲು ಮುಟ್ಟೋ ಯೋಗ ಬಂದಿದೆ, ಪ್ಯಾಂಟು ಹರಿದು ಜನ ನಗೋ ಹಾಗಾಗಬಾರ್ದು."

"ಪಾದ ಬೇಡ ಅಂದ್ರೆ ಬಿಡಬಹುದಂತಲ್ಲ ಅಣ್ಣಾ."

"ಬಿಡಬಹುದು. ಆದ್ರೆ ದಿನಕ್ಕೆ ಹತ್ತು ಗಂಟೆ ಒಲೆ ಮುಂದೆ ನಿಲ್ಲೋ ಪಾದ ಅದು. ಉಳಿದಿದ್ದಕ್ಕೆಲ್ಲ ಹಾಕಿ ಅದಕ್ಕೇ ತಪ್ಪಿಸೋದಾ?"

ಆ ಮಾತು ಅವಳಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಆ ಪಾದಗಳ ಬಿರುಕಿಗೆ ರಾತ್ರಿ ಎಣ್ಣೆ ಹಚ್ಚುವವಳು ತಾನು. ಇವನಿಗೆ ಅದರ ಚಿಂತೆ ಏಕೆ?

"ಒಂದ್ಸಲ ಬಗ್ಗಿ ತೋರಿಸಿ," ಎಂದಳು, ಅಳತೆಯ ನೆಪದಲ್ಲಿ.

ಡ್ರೈವರಣ್ಣ ಮೇಜು ಹಿಡಿದು ಇಳಿಯಲು ನೋಡಿದ. ಅರ್ಧಕ್ಕೆ ನಿಂತ. ಮೀಸೆಯ ಕೆಳಗೆ ಹಲ್ಲು ಕಚ್ಚಿದ್ದು ಕಾಣಿಸಿತು. "ಈ ಪ್ಯಾಂಟೂ ಬಿಗಿ," ಎಂದು ನಕ್ಕು ಎದ್ದ.

ತೊಟ್ಟಿದ್ದ ಪ್ಯಾಂಟು ಬಿಗಿ ಇರಲಿಲ್ಲ. ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಸಡಿಲವಿತ್ತು. ಇದು ಆಗದ ಕೆಲಸವೆಂದು ಟೈಲರಮ್ಮನಿಗೆ ಆಗಲೇ ಗೊತ್ತಾಯಿತು. ಸಿಸ್ಟರ್‌ಗೆ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವಳು ಹೇಳಲಿಲ್ಲ. ಎಲ್ಲರ ಮುಂದೆ ಅರ್ಧಕ್ಕೆ ನಿಲ್ಲಲಿ, ಯಾರು ಯಾರನ್ನು ಕರೆದುಕೊಂಡು ಬರಬೇಕಿತ್ತೆಂದು ಜನರಿಗೂ ತಿಳಿಯಲಿ ಎಂದುಕೊಂಡಳು. ಅವನು ತಂದಿದ್ದ ಕಪ್ಪು ಪ್ಯಾಂಟಿನ ಹೊಲಿಗೆಯನ್ನು ಮಾತ್ರ ಬಿಚ್ಚಿ, ಮಂಡಿಯ ಬಳಿ ಒಳಗಿನಿಂದ ಬಟ್ಟೆ ಸೇರಿಸಿ ಚೆನ್ನಾಗಿಯೇ ಹೊಲಿದಳು. ಕೆಟ್ಟದಾಗಿ ಹೊಲಿಯಬೇಕೆಂದು ಮನಸ್ಸಿತ್ತು, ಕೈ ಒಪ್ಪಲಿಲ್ಲ.

ಆ ಭಾನುವಾರ ಅಂಗಳದ ತುಂಬ ಜನ. ಹೊಸಬರು ಐದಾರು ಮಂದಿ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಕೊನೆಯವನು ಅವಳ ಗಂಡ. ಹೊಸ ಶರ್ಟು, ಅವಳೇ ಪಾಲಿಶ್ ಹಾಕಿದ ಶೂ. ಅವನ ಹೆಗಲ ಮೇಲೆ ಡ್ರೈವರಣ್ಣನ ಅಗಲವಾದ ಕೈ. ಟೈಲರಮ್ಮ ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿದ್ದಳು. ಔಷಧಿ ಅಂಗಡಿಯಾಕೆ ಮೆಲ್ಲಗೆ, "ಉಸಿರಾದ್ರೂ ಬಿಡು," ಎಂದಳು.

ಫಾದರ್ ಕೇಳಿದರು, "ಧರ್ಮಸಭೆಯಿಂದ ನಿಮಗೆ ಏನು ಬೇಕು?"

"ವಿಶ್ವಾಸ," ಎಂದ ಅವಳ ಗಂಡ, ಬೇಕರಿಯಲ್ಲಿ ಹಿಟ್ಟು ಬೇಕೆಂದು ಹೇಳುವಷ್ಟೇ ಸಹಜವಾಗಿ. ಅವಳ ಕಣ್ಣಲ್ಲಿ ನೀರು ತುಂಬಿತು. ಅದು ಸಂತೋಷವೋ ಉರಿಯೋ ಅವಳಿಗೇ ಬಗೆಹರಿಯಲಿಲ್ಲ.

ಸಿಸ್ಟರ್ ಒಂದೊಂದಾಗಿ ಓದುತ್ತಾ ಹೋದರು, ಹೊಣೆಗಾರರು ಗುರುತು ಹಾಕುತ್ತಾ ಹೋದರು. ಹಣೆ. ಕಿವಿ. ಕಣ್ಣು. ತುಟಿಯ ಮೇಲೆ ಹಾಕುವಾಗ ಡ್ರೈವರಣ್ಣನ ದಪ್ಪ ಹೆಬ್ಬೆರಳಿಗೆ ಗಂಡನ ಮೀಸೆ ಸಿಕ್ಕಿ ಇಬ್ಬರೂ ನಗು ತಡೆದುಕೊಂಡರು. ಎದೆ. ಹೆಗಲು. ಕೈ.

"ಪಾದಗಳು," ಎಂದರು ಸಿಸ್ಟರ್.

ಬೇರೆಯವರೆಲ್ಲ ಬಗ್ಗಿದರು. ಡ್ರೈವರಣ್ಣ ಗಂಡನ ತೋಳು ಹಿಡಿದು ಇಳಿಯಲಾರಂಭಿಸಿ, ಅಂಗಡಿಯಲ್ಲಿ ನಿಂತ ಜಾಗದಲ್ಲೇ ನಿಂತ. ಇನ್ನೊಮ್ಮೆ ನೋಡಿದ. ಮುಖ ಬೆವರಿತು. ಹಿಂದೆ ಯಾರೋ ಕೆಮ್ಮಿದರು. ಗಂಡ ಮೆಲ್ಲಗೆ, "ಬಿಡಿ ಅಣ್ಣಾ, ಸಾಕು," ಎನ್ನುವುದು ಕೇಳಿಸಿತು.

ಟೈಲರಮ್ಮ ಕಾದಿದ್ದ ಗಳಿಗೆ ಇದೇ. ಆದರೆ ಸಿಹಿ ತಿನ್ನಲು ಬಾಯಿ ತೆರೆದವಳಿಗೆ ನಾಲಿಗೆ ಮೇಲೆ ಬೂದಿ ಬಿದ್ದ ಹಾಗಾಯಿತು. ಗಂಡನ ಮುಖ ನೋಡಿದಳು. ಅವನು ತನ್ನ ಪಾದದ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಆ ಮುದುಕನಿಗೆ ಜನರ ಮುಂದೆ ಅವಮಾನವಾಗುತ್ತಿದೆಯಲ್ಲ ಎಂದು ಒದ್ದಾಡುತ್ತಿದ್ದ.

ಅಷ್ಟರಲ್ಲಿ ಅರ್ಧ ಬಗ್ಗಿದ್ದ ಡ್ರೈವರಣ್ಣ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅವಳನ್ನು ಕಂಡ. ಬಿಡುವಾಗಿದ್ದ ಕೈಯನ್ನು ಮೇಲೆತ್ತಿ, ಅಂಗಳದಲ್ಲಿ ಕಾರುಗಳಿಗೆ ಮಾಡುವಂತೆಯೇ ಬೆರಳು ಮಡಿಸಿ ಮಡಿಸಿ ಕರೆದ. ಬಾ. ಬಾ. ಇನ್ನೂ ಬಾ.

ಕೆಲವರಿಗೆ ನಗು ಬಂತು. ಅವಳು ಹೋದಳು.

"ನನ್ನ ಕೈಲಾಗ್ತಿಲ್ಲಮ್ಮಾ," ಎಂದ, ಅವಳಿಗೆ ಮಾತ್ರ ಕೇಳುವಂತೆ. "ನೀನು ಮಾಡ್ತೀಯಾ?"

ಅವಳು ಸಿಸ್ಟರ್ ಕಡೆ ನೋಡಿದಳು. ಸಿಸ್ಟರ್ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಟೈಲರಮ್ಮ ಮಂಡಿಯೂರಿದಳು. ಬಲಗಾಲಿನ ಶೂ ಮೇಲೆ ಹೆಬ್ಬೆರಳಿಟ್ಟಾಗ ಲೇಸಿನ ಗಂಟು ಕಾಣಿಸಿತು. ಅವಳು ಹಾಕಿದ ಗಂಟಲ್ಲ. ಹಗ್ಗಕ್ಕೆ ಹಾಕುವಂಥ ಒರಟು ಗಂಟು. ಲೇಸು ಬಿಚ್ಚಿಹೋದಾಗ ಆ ಕಾಲನ್ನು ಮೇಲಿನ ಮೆಟ್ಟಿಲಿಗೆ ಇಡಿಸಿ ಯಾರು ಕಟ್ಟಿದ್ದರೆಂದು ಹೇಳಬೇಕಾಗಿರಲಿಲ್ಲ. ಬಹುಶಃ ಆ ಮಂಡಿಯಲ್ಲಿದ್ದ ಅಷ್ಟಿಷ್ಟು ಶಕ್ತಿ ಅಲ್ಲೇ ಖರ್ಚಾಗಿತ್ತು. ಒಂದು ಕ್ಷಣ ಹಳೆಯ ಉರಿ ಎದ್ದಿತು. ಗಂಟು ಮಾತ್ರ ಗಟ್ಟಿಯಾಗಿತ್ತು. ಅದನ್ನು ಹಾಗೇ ಬಿಟ್ಟು ಬಲಪಾದಕ್ಕೊಂದು, ಎಡಪಾದಕ್ಕೊಂದು ಗುರುತು ಹಾಕಿದಳು.

ಏಳುವಾಗ ಅವಳ ಹೆಗಲ ಮೇಲೆ ಭಾರ ಬಿತ್ತು. ಡ್ರೈವರಣ್ಣ ನೆಟ್ಟಗಾಗಲು ಒಂದು ಕೈಯಿಂದ ಅವಳನ್ನೂ ಇನ್ನೊಂದರಿಂದ ಅವಳ ಗಂಡನನ್ನೂ ಹಿಡಿದಿದ್ದ. ಅದೇ ಭಂಗಿಯಲ್ಲಿ, ಮೂವರೂ ಕುಂಟುತ್ತಾ ಬಾಗಿಲು ದಾಟಿದರು.

"ಪ್ಯಾಂಟು ಹರೀಲಿಲ್ಲ ನೋಡು," ಎಂದ ಡ್ರೈವರಣ್ಣ.

"ನಾನು ಹೊಲಿದಿದ್ದು," ಎಂದಳು ಟೈಲರಮ್ಮ.

ಆ ವಾರವೆಲ್ಲ ಅವಳು ಮಿಶಿನ್ ತುಳಿಯುತ್ತಾ ಒಂದೇ ವಿಷಯ ತಿರುವಿಹಾಕಿದಳು. ನಾನು ಗಂಡನನ್ನು ಅವನಿಗೆ ಒಳ್ಳೆಯದಾಗಲೆಂದು ಕರೆದಿದ್ದೆ, ನಿಜ. ಆದರೆ ನನ್ನ ಕೈಲಾಗ್ತಿಲ್ಲ, ಬನ್ನಿ ಎಂದು ಒಮ್ಮೆಯಾದರೂ ಹೇಳಿದ್ದೆನೇ? ಹೇಳಿರಲಿಲ್ಲ. ಅವಳ ಕೈಲಿ ಎಲ್ಲವೂ ಆಗುತ್ತಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಹೇಳಿದಳು, "ನಾಳೆ ಚರ್ಚಲ್ಲಿ ಎತ್ತರದ ಪರದೆಗಳನ್ನೆಲ್ಲ ಇಳಿಸಬೇಕು. ನಮಗೆ ಜನ ಕಮ್ಮಿ."

ಅವನು ತಲೆಯೆತ್ತಿದ. "ಎಷ್ಟು ಗಂಟೆಗೆ?"

"ಊಟ ಆದ್ಮೇಲೆ."

"ಸರಿ," ಎಂದ. ಅಷ್ಟೇ. ಇಷ್ಟು ಸುಲಭವಿತ್ತೇ ಎಂದು ಅವಳಿಗೆ ಸಿಟ್ಟೇ ಬಂತು.

ಮರುದಿನ ಅವಳು ಹಿಂದಿನ ಕೋಣೆಯಲ್ಲಿ ಏಣಿ ಹೊರಗೆಳೆದು, ಒಳ್ಳೆಯ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದಳು. ಸ್ಕೂಟರ್ ಸದ್ದಾಯಿತು. ಗಂಡ ಒಳಗೆ ಬಂದ. ಅವನ ಹಿಂದೆ, ಕಾಲೆಳೆಯುತ್ತಾ, ಡ್ರೈವರಣ್ಣ.

"ಅಣ್ಣಂಗೂ ಶನಿವಾರ ಮನೇಲಿ ಬೇಜಾರಂತೆ," ಎಂದ ಗಂಡ.

ಔಷಧಿ ಅಂಗಡಿಯಾಕೆ ಬಟ್ಟೆಯ ರಾಶಿಯ ಹಿಂದೆ ಮುಖ ಮುಚ್ಚಿಕೊಂಡಳು. ಟೈಲರಮ್ಮ ಗಂಡನನ್ನು ನೋಡಿದಳು, ಡ್ರೈವರಣ್ಣನನ್ನು ನೋಡಿದಳು, ಅವನ ಮಂಡಿಯನ್ನು ನೋಡಿದಳು. ಹಳೆಯ ಉರಿ ಇನ್ನೂ ಸ್ವಲ್ಪ ಉಳಿದಿತ್ತು, ಇಲ್ಲವೆಂದರೆ ಸುಳ್ಳು. ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದು ಹಾಕಿ, ಹಿತ್ತಾಳೆಯ ದೀಪಸ್ತಂಭವನ್ನೂ ಒಂದು ಬಟ್ಟೆಯನ್ನೂ ಡ್ರೈವರಣ್ಣನ ಮುಂದಿಟ್ಟಳು.

"ಕೂತ್ಕೊಂಡು ಇದನ್ನ ಉಜ್ಜಿ ಅಣ್ಣಾ," ಎಂದಳು. ಆಮೇಲೆ ಗಂಡನಿಗೆ, "ರೀ, ನೀವು ಇಲ್ಲಿ ಬನ್ನಿ. ಏಣಿ ನಾನು ಹಿಡ್ಕೋತೀನಿ."