ಕರಿಯನ ಕಾಪಿ

“ಗುಂಡಿ ತೋಡೋದಾದ್ರೂ ಬರ್ತದಲ್ಲ ಇವನಿಗೆ. ಅಪ್ಪ ಇದ್ದಾಗ ಒಂದು ಲೋಟ ತೊಳೆದೋನಲ್ಲ.”

ಹೋಂಸ್ಟೇ ನಡೆಸುವ ನಾಣಯ್ಯ ಗುಂಡಿಯ ಅಂಚಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಅಂದ. ತೋಟದ ಕೂಲಿಯವರ ಲೈನ್‌ಮನೆಯ ಗಂಡಸರು ನೆಲ ನೋಡಿದರು. ಅಪ್ಪನನ್ನು ಹೂಳುವ ಗುಂಡಿ ತೋಡುತ್ತಿದ್ದ ರಾಜು ತಲೆಯೆತ್ತಲಿಲ್ಲ. ಮಗ ಗುಂಡಿ ತೋಡಬಾರದು ಎಂದು ಹಿರಿಯರು ಹೇಳಿದ್ದರೂ ಕೇಳದೆ ಗುದ್ದಲಿ ಕಿತ್ತುಕೊಂಡಿದ್ದ. ಕೈಗೆ ಏನಾದರೂ ಕೆಲಸ ಬೇಕಿತ್ತು, ಇಲ್ಲದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತಿದ್ದ.

ಅಪ್ಪನ ತಂಗಿ, ಅತ್ತೆ ಮುದ್ದಿ ಕ್ಯಾನಿನಲ್ಲಿ ಬೆಲ್ಲದ ಕಾಪಿ ತಂದಳು.

“ಇದೇನು ಮುದ್ದಕ್ಕಾ, ಕಾಪಿಯಾ, ಪಾತ್ರೆ ತೊಳೆದ ನೀರಾ?” ಅಂದ ಗುಂಡಿ ತೋಡುತ್ತಿದ್ದವರಲ್ಲೊಬ್ಬ.

“ಕರಿಯಣ್ಣನ ಕೈಯ ಕಾಪಿ ಬೇಕಾ? ಅಂಗಳದಲ್ಲೇ ಮಲಗಿದ್ದಾನೆ, ಹೋಗಿ ಎಬ್ಬಿಸು.”

ಯಾರೋ ನಗಲು ಹೋಗಿ ಕೆಮ್ಮಿದರು.

ಕರಿಯ ಹತ್ತೊಂಬತ್ತು ವರ್ಷ ಕಕ್ಕಬೆಯ ನಾಣಯ್ಯನ ಹೋಂಸ್ಟೇಯಲ್ಲಿ ಅಡುಗೆಗಿದ್ದ. ಮಂಜು ಬಿಡುವ ಮೊದಲೇ ಗೆಸ್ಟುಗಳು ಎದ್ದು ಅವನ ಕಾಪಿಗೆ ಕಾಯುತ್ತಿದ್ದರು. “ನಮ್ಮ ಅಜ್ಜಿ ಕಾಲದ್ದು,” ಎಂದು ನಾಣಯ್ಯ ಅವರಿಗೆ ಹೇಳುವುದು ಅಡುಗೆಮನೆಗೂ ಕೇಳುತ್ತಿತ್ತು. ಕರಿಯ ಅದನ್ನು ಮನೆಗೆ ಬಂದು ನಗುನಗುತ್ತಾ ಹೇಳುತ್ತಿದ್ದ. ರಾಜುವಿಗೆ ಒಂದು ದಿನವೂ ನಗು ಬಂದಿರಲಿಲ್ಲ.

*

ಹೋದ ವಾರ. ಕಾಲು ಬಾತು ಕೆಲಸಕ್ಕೆ ಹೋಗಲಾರದ ಕರಿಯ ಒಲೆಯ ಮುಂದೆ ಕೂತಿದ್ದ.

“ಬಾ ಮಗ, ನೋಡ್ಕೋ. ಬರೆದಿಡೋಕೆ ನಂಗೆ ಅಕ್ಷರ ಬರಲ್ಲ. ಮೊದಲು ನೀರು ಹಾಕಬಾರದು. ಬರೀ ಬೆಲ್ಲ ಕಾಯಬೇಕು, ಬಣ್ಣ ತಿರುಗಬೇಕು. ಆಮೇಲೆ...”

“ಆಮೇಲೆ ನಾಣಯ್ಯನ ಮನೆ ಎಂಜಲು ಲೋಟ ತೊಳೀಬೇಕು. ನಿಂಗೆ ಆಗಿದ್ದೇ ಸಾಕು, ನಂಗೆ ಆ ಕಸುಬು ಕಲಿಸಬೇಡ.”

ಬಾಗಿಲಲ್ಲಿ ಬೈಕಿನ ಮೇಲೆ ಕಾಯುತ್ತಿದ್ದ ಇಬ್ಬರು ಗೆಳೆಯರು ಕಿಸಕ್ಕೆಂದರು. ಕರಿಯ ಬೆಲ್ಲ ಹೊತ್ತುವ ಮೊದಲೇ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕೆಳಗಿಳಿಸಿದ.

*

ಮಣ್ಣು ಮುಚ್ಚಿದ್ದಾಯಿತು. ನಾಣಯ್ಯ ರಾಜುವಿನ ಹೆಗಲ ಮೇಲೆ ಕೈಯಿಟ್ಟ. ದನಿ ಈಗ ಮೆತ್ತಗಾಗಿತ್ತು.

“ರಾಜು, ನಾಳೆ ಹನ್ನೆರಡು ಜನ ಗೆಸ್ಟ್ ಬರ್ತಾರೆ. ನಮ್ಮ ಮನೆಯೋಳು ಮೂರು ಸಲ ಮಾಡಿ ನೋಡಿದ್ಳು, ಆ ರುಚಿ ಬರಲಿಲ್ಲ. ಬೆಲ್ಲ ಕಾಯಿಸಿದ ಮೇಲೆ ನಿಮ್ಮಪ್ಪ ಏನು ಹಾಕ್ತಿದ್ದ? ಅದೊಂದು ಹೇಳು ಸಾಕು.”

ಲೈನ್‌ಮನೆಯ ಮಂದಿಯೆಲ್ಲ ರಾಜುವಿನ ಬಾಯಿ ನೋಡಿದರು.

“ಹೇಳಬೇಡ ಮಗ,” ಅಂದಳು ಮುದ್ದಿ. “ಅಣ್ಣನದು ಅದೊಂದಾದ್ರೂ ನಮ್ಮ ಹತ್ರ ಉಳೀಲಿ.”

“ಅವನು ಹೇಳಲ್ಲ ಬಿಡು. ಕರಿಯನ ಮಗ ಅವನು,” ಎಂದ ಗುಂಡಿ ತೋಡಿದವರಲ್ಲೊಬ್ಬ.

ಆ ರುಚಿ ರಾಜುವಿನ ನಾಲಗೆಯ ಮೇಲೆ ಹಾಗೇ ಇತ್ತು. ಬೆಲ್ಲದ ಬಣ್ಣ ತಿರುಗುವವರೆಗೆ ಗೊತ್ತಿತ್ತು. ಅಲ್ಲಿಂದಾಚೆ ಅವನಿಗೆ ಏನೇನೂ ಗೊತ್ತಿರಲಿಲ್ಲ. ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟಿಗೆ ಈಗ ಹೊಡೆಯಲು ಅವನನ್ನೇ ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

ಹೆಗಲ ಮೇಲಿನ ಕೈಯನ್ನು ಸರಿಸಿ, ಗುದ್ದಲಿಯನ್ನು ಹಸಿ ಮಣ್ಣಿಗೆ ಒರಗಿಸಿ, ಅವನು ಕಾಪಿ ಗಿಡಗಳ ನಡುವಿನ ದಾರಿಗಿಳಿದ. ಗುಟ್ಟು ಬಿಟ್ಟುಕೊಡಲಿಲ್ಲವೆಂದು ಜನ ಸರಿದು ಜಾಗ ಬಿಟ್ಟರು, ದೊಡ್ಡವರಿಗೆ ಬಿಡುವ ಹಾಗೆ.

“ಕುಡೀರಿ ಸಾವ್ಕಾರ್ರೇ, ನಮ್ಮ ಕಾಪೀನೂ ಇಷ್ಟೇ,” ಎಂದು ಗೆದ್ದವಳ ದನಿಯಲ್ಲಿ ಹೇಳುತ್ತಾ, ಅವನ ಬೆನ್ನ ಹಿಂದೆ ಮುದ್ದಿ ಆರಿದ ಕಾಪಿಯನ್ನು ನಾಣಯ್ಯನ ಲೋಟಕ್ಕೆ ಬಗ್ಗಿಸುತ್ತಿದ್ದಳು.