ಹಾರುವ ಬಾಂಬಿಗೆ ಆಯುಧಪೂಜೆ

ದ್ವಾರಕಾನಾಥ ಎಂಬ ಮಹಾನುಭಾವನಿಗೆ ಪೂಜೆ ಮಾಡಲು ಇನ್ನೇನೂ ಉಳಿದಿರಲಿಲ್ಲ. ತನ್ನ ಜರ್ಮನ್ ಕಾರಿಗೆ ಮಾಡಿಯಾಗಿತ್ತು, ಹೆಂಡತಿ ಹರಿಪ್ರಿಯಾಳ ಎಲೆಕ್ಟ್ರಿಕ್ ಕಾರಿಗೆ ಮಾಡಿಯಾಗಿತ್ತು, ಹುಲ್ಲು ಕತ್ತರಿಸುವ ಯಂತ್ರಕ್ಕೂ ಗ್ಯಾರೇಜಿನ ಬಾಗಿಲೆತ್ತುವ ಮೋಟಾರಿಗೂ ಕುಂಕುಮ ಹಚ್ಚಿಯಾಗಿತ್ತು. ಈ ವರ್ಷ ಆತನ ಕಣ್ಣು ಲಿವರ್‌ಮೋರ್ ಹೊರವಲಯದ ವಿಮಾನ ಮ್ಯೂಸಿಯಮ್ಮಿನಲ್ಲಿದ್ದ ಹಾರುವ ಬಾಂಬಿನ ಮೇಲೆ ಬಿತ್ತು.

ಹಾರುವ ಬಾಂಬು ಎಂದರೆ ಚಿಕ್ಕದೊಂದು ವಿಮಾನ. ಬೆನ್ನ ಮೇಲೆ ಬಚ್ಚಲೊಲೆಯ ಹೊಗೆ ಕೊಳವೆಯಂಥ ಇಂಜಿನ್ನು, ಮೂತಿಯಲ್ಲಿ ಮದ್ದು, ನಡೆಸಲು ಮನುಷ್ಯರಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇಂಥವನ್ನು ಸಾವಿರಗಟ್ಟಲೆ ಲಂಡನ್ನಿನ ಕಡೆಗೆ ಬಿಟ್ಟರು. ಇಂಜಿನ್ನಿನ ಗುಡುಗುಡು ಸದ್ದು ನಿಂತು ಬಾಂಬು ಬಿತ್ತೆಂದರೆ ಕೆಳಗಿದ್ದವರ ಕಥೆ ಮುಗಿದಂತೆ. ಹಾರದೆ ಉಳಿದ ಕೆಲವು ಗೆದ್ದವರ ಕೈಸೇರಿ, ಮದ್ದು ತೆಗೆಸಿಕೊಂಡು, ಬಣ್ಣ ಹೊಡೆಸಿಕೊಂಡು, ದೇಶದೇಶದ ಮ್ಯೂಸಿಯಮ್ಮುಗಳಲ್ಲಿ ಮದುವಣಗಿತ್ತಿಯರ ಹಾಗೆ ನಿಂತಿವೆ. ಕೊಂದದ್ದು ಹಳೆಯದಾದರೆ ಸಾಕು, ಜನ ಅದಕ್ಕೆ ಪರಂಪರೆ ಎಂದು ಹೆಸರಿಟ್ಟು ಟಿಕೆಟ್ ಹರಿಯುತ್ತಾರೆ. ಲಿವರ್‌ಮೋರಿನ ಮ್ಯೂಸಿಯಮ್ಮಿನವರು ಒಂದು ಹೆಜ್ಜೆ ಮುಂದೆ ಹೋಗಿ, ಬಾಗಿಲ ಪಕ್ಕದ ಅಂಗಡಿಯಲ್ಲಿ ಬಾಂಬಿನ ಆಕಾರದ ಬಿಸ್ಕತ್ತಿನ ಅಚ್ಚನ್ನೂ ಮಾರುತ್ತಿದ್ದರು.

ಅಲ್ಲಿ ಶನಿವಾರ ಶನಿವಾರ ಬಂದವರಿಗೆ ವಿಮಾನ ತೋರಿಸಿ ವಿವರಿಸುವ ಸ್ವಯಂಸೇವೆ ಪ್ರಭಾಳದು. ವಯಸ್ಸು ಅರವತ್ತಾರು. ಮಗಳ ಮನೆ ಹತ್ತು ನಿಮಿಷದ ದಾರಿ, ಕಾರು ತಾನೇ ಓಡಿಸುತ್ತಿದ್ದಳು. ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವಳು. ಬೆರಳ ಸಂದಿಯಲ್ಲಿ ಸೀಮೆಸುಣ್ಣ ಹಿಡಿದು ಕೆಲಸದ ಸಾಲಿನುದ್ದಕ್ಕೂ ನಡೆಯುತ್ತಿದ್ದಳು. ಸರಿಯಿದ್ದ ವೆಲ್ಡಿಂಗಿಗೆ ಒಂದು ಟಿಕ್ಕು, ಸರಿಯಿಲ್ಲದ್ದಕ್ಕೆ ಅಡ್ಡಗೀಟು. ವೆಲ್ಡರುಗಳು ಆಕೆಯನ್ನು ಸೀಮೆಸುಣ್ಣದಮ್ಮ ಎಂದು ಆಡಿಕೊಳ್ಳುತ್ತಿದ್ದರು. ಕಾಲಿಗೆ ಬಿದ್ದರೂ ಆಕೆ ಅಡ್ಡಗೀಟು ಅಳಿಸಿದವಳಲ್ಲ.

ಮೂರು ವಾರದ ಹಿಂದೆ ಬಾಂಬಿನ ಹಳೆಯ ಬಣ್ಣ ಕೆರೆದು ತೆಗೆದರು. ಹೊಸ ಬಣ್ಣದ ಖರ್ಚು ದ್ವಾರಕಾನಾಥನದು, ಅದಕ್ಕೆ ಬದಲಾಗಿ ಬಾಂಬಿನ ಮುಂದೆ ಹಿತ್ತಾಳೆಯ ಫಲಕದಲ್ಲಿ ಆತನ ಹೆಸರು. ಬೆತ್ತಲೆ ಉಕ್ಕು ಕಂಡರೆ ಪ್ರಭಾಳ ಕಣ್ಣು ಸುಮ್ಮನಿರುತ್ತದೆಯೇ? ಟಾರ್ಚು ಹಿಡಿದು ಮೂತಿಯಿಂದ ಬಾಲದವರೆಗೆ ನೋಡುತ್ತ ಹೋದಳು. ಇಂಜಿನ್ ಕೊಳವೆಯ ಹಿಂಭಾಗ ಬಾಲದ ರೆಕ್ಕೆಯ ಮೇಲೆ ಕೂತಿತ್ತು. ಆ ರೆಕ್ಕೆಯ ಬುಡದಲ್ಲಿ, ನಾಲ್ಕು ಬೆರಳಿನಷ್ಟು ಉದ್ದದ ಒಂದು ವೆಲ್ಡಿಂಗಿನ ಹತ್ತಿರ ಆಕೆಯ ಕೈ ನಿಂತಿತು.

ಮೇಲಿಂದ ನೋಡಿದರೆ ಮಣಿ ಪೋಣಿಸಿದಷ್ಟು ಅಂದ. ಆದರೆ ಬೆರಳಿನಿಂದ ತಟ್ಟಿದರೆ ಸದ್ದು ಬೇರೆ. ಚೀಲದಿಂದ ಕೂದಲಿಗಿಂತ ತೆಳುವಾದ ಉಕ್ಕಿನ ಪಟ್ಟಿ ತೆಗೆದು ಸಂದಿಯಲ್ಲಿ ತೂರಿಸಿದಳು. ಪಟ್ಟಿ ಒಳಗೆ ಹೋಯಿತು, ಆಚೆ ತುದಿಯಲ್ಲಿ ಹೊರಗೂ ಬಂತು. ವೆಲ್ಡಿಂಗು ಹಿಡಿದೇ ಇರಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು.

ಕೈ ಪಳಗದವನ ಕೆಲಸ ಹೀಗಿರುವುದಿಲ್ಲ, ಅದನ್ನು ಪ್ರಭಾ ಬಲ್ಲಳು. ಕೈ ಪಳಗದವನ ವೆಲ್ಡಿಂಗು ಮೇಲಿಂದಲೇ ಕಜ್ಜಿ ಎದ್ದಂತಿರುತ್ತದೆ. ಇದು ಬಲ್ಲವನು ಬೇಕೆಂದೇ ಮಾಡಿದ್ದು; ತಪಾಸಣೆಯವನ ಕಣ್ಣಿಗೆ ಅಂದವಾಗಿ ಕಾಣಬೇಕು, ಹಾರಿದರೆ ಅರ್ಧದಾರಿಯಲ್ಲಿ ಬಿಚ್ಚಿಕೊಳ್ಳಬೇಕು. ಮ್ಯೂಸಿಯಮ್ಮಿನ ಕಪಾಟಿನಲ್ಲಿದ್ದ ಕಡತ ತೆಗೆಸಿ ಓದಿದಳು. ಬಾಂಬು ತಯಾರಾದದ್ದು ಜರ್ಮನಿಯ ಬೆಟ್ಟವೊಂದರ ಸುರಂಗದಲ್ಲಿ, ಸೆರೆಯಾಳುಗಳ ಕೈಯಲ್ಲಿ. ಕೆಲಸ ಕೆಡಿಸಿದವರು ಸಿಕ್ಕಿಬಿದ್ದರೆ ಅಲ್ಲೇ ನೇಣು. ಅಂಥ ಕಡೆ ಕೂತು, ಹೊಟ್ಟೆಗಿಲ್ಲದ ಯಾರೋ ಒಬ್ಬ, ನಡುಗುವ ಕೈಯನ್ನು ನಡುಗಗೊಡದೆ ಈ ನಾಲ್ಕು ಬೆರಳು ಸುಳ್ಳು ಬರೆದಿದ್ದ. ಪ್ರಭಾಳ ಕಣ್ಣು ತುಂಬಿತು. ಮೂವತ್ತನಾಲ್ಕು ವರ್ಷ ಇಂಥದ್ದನ್ನೇ ಹುಡುಕಿ ಹುಡುಕಿ ಅಡ್ಡಗೀಟು ಎಳೆದವಳು ತಾನು ಎಂಬುದೂ ನೆನಪಾಗಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

ಆಕೆ ಕೇಳಿದ್ದು ಇಷ್ಟೇ: ಆ ಜಾಗಕ್ಕೆ ಬಣ್ಣ ಬೇಡ, ಒಂದು ಸಣ್ಣ ದೀಪ ಹಾಕಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡಿ. ಸಾಲುಗಳನ್ನೂ ತಾನೇ ಬರೆದು ಕೊಟ್ಟಳು. ದುರಸ್ತಿಯ ಉಸ್ತುವಾರಿ ಗ್ಲೆನ್ ಎಂಬ ಮುದುಕನದು. ಆತ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ತನಗೆ ಒಪ್ಪಿಗೆ, ಆದರೆ ಖರ್ಚು ಕೊಡುವವರನ್ನು ಒಂದು ಮಾತು ಕೇಳಬೇಕು ಎಂದ.

ಖರ್ಚು ಕೊಡುವವರು ಅದೇ ಮಧ್ಯಾಹ್ನ ಬಂದರು. ದ್ವಾರಕಾನಾಥ ರೆಡ್‌ವುಡ್ ಸಿಟಿಯಲ್ಲಿ ಇಪ್ಪತ್ತೈದು ವರ್ಷ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತನಾದವನು. ಕಬ್ಬಿಣದ ವಿಷಯ ಆತನಿಗೆ ಇಡ್ಲಿ ಪಾತ್ರೆಯಿಂದಾಚೆಗೆ ತಿಳಿಯದು.

"ಪ್ರಭಾ ಅವ್ರೇ, ಏನ್ರೀ ಇದು? ಡಿಫೆಕ್ಟ್ ಇರೋ ಜಾಗಕ್ಕೆ ಲೈಟ್ ಹಾಕ್ಬೇಕಂತೆ?"

"ಅದು ಡಿಫೆಕ್ಟಲ್ಲ ದ್ವಾರಕಾನಾಥ್ ಅವ್ರೇ. ಈ ಇಡೀ ಬಾಂಬಲ್ಲಿ ಮನುಷ್ಯತ್ವ ಅಂತ ಇರೋದು ಅದೊಂದೇ ಜಾಗ."

"ನೋಡಿ, ಜನ ವೀಕೆಂಡಲ್ಲಿ ಫ್ಯಾಮಿಲಿ ಕರ್ಕೊಂಡು ಬರ್ತಾರೆ. ಕ್ಯಾಂಪು, ಕೈದಿ, ನೇಣು ಅಂದ್ರೆ ಮೂಡೇ ಹಾಳು. ಜರ್ಮನ್ ಇಂಜಿನಿಯರಿಂಗ್ ನೋಡ್ಲಿ, ಖುಷಿ ಪಡ್ಲಿ. ನಮ್ ಹೆಸ್ರಿನ ಬೋರ್ಡ್ ಪಕ್ಕ ಅದೆಲ್ಲ ಬೇಡ."

ಅಲ್ಲಿಗೆ ಮುಗಿಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಅಲ್ಪನ ಕೊಡೆಯ ಕೆಳಗೆ ಒಂದು ಮ್ಯೂಸಿಯಮ್ಮೇ ನಿಂತುಕೊಂಡಿತು. ಸಂದಿಗೆ ಪುಟ್ಟಿ ತುಂಬಿದರು, ಉಜ್ಜಿದರು, ಹಸಿರು ಬಣ್ಣ ಹೊಡೆದರು. ಪ್ರಭಾ ಬರೆದುಕೊಟ್ಟ ಹಾಳೆ ಗ್ಲೆನ್‌ನ ಮೇಜಿನ ಖಾನೆ ಸೇರಿತು. ಇಷ್ಟು ಸಾಲದೆಂದು, ಇಂಜಿನ್ ಕೊಳವೆಯ ಭಾರ ಹೊರಲು ಕೆಳಗೆ ಎಂದಿನಿಂದಲೋ ಕೊಟ್ಟಿದ್ದ ಮರದ ಊರೆಯನ್ನೂ ದ್ವಾರಕಾನಾಥ ತೆಗೆಸಿದ. ಫೋಟೋಗೆ ಅಡ್ಡ ಬರುತ್ತದಂತೆ. ಆ ಊರೆ ತೆಗೆದರೆ ಭಾರವೆಲ್ಲ ಹಿಡಿಯದ ವೆಲ್ಡಿಂಗಿನ ಮೇಲೆ ಬೀಳುತ್ತದೆ ಎಂದು ಪ್ರಭಾ ಇಮೇಲ್ ಬರೆದಳು. ಆಡಳಿತ ಮಂಡಳಿಯಿಂದ 'ನಿಮ್ಮ ಕಾಳಜಿಗೆ ಧನ್ಯವಾದ' ಎಂಬ ಉತ್ತರ ಬಂತು.

ಪಂಚಾಂಗದ ಪ್ರಕಾರ ಆಯುಧಪೂಜೆ ಬುಧವಾರವಿತ್ತು. ಬೇ ಏರಿಯಾದಲ್ಲಿ ಹಬ್ಬಗಳೆಲ್ಲ ಭಾನುವಾರವೇ ಬರುತ್ತವೆ. ಮ್ಯೂಸಿಯಮ್ಮಿನವರು ಇದನ್ನು 'ಸಾಂಸ್ಕೃತಿಕ ದಿನ' ಎಂದು ಕರೆದು ಅರ್ಧ ದಿನಕ್ಕೆ ವಿಮಾನ ನಿಲ್ಲಿಸುವ ಹ್ಯಾಂಗರು ಬಿಟ್ಟುಕೊಟ್ಟರು. ಸುತ್ತಲಿನ ಫ್ರೀಮಾಂಟು, ನೆವಾರ್ಕುಗಳಿಂದ ಅರವತ್ತು ಜನ ಬಂದರು. ಬೆಳಗ್ಗೆ ಗುಡ್ಡದ ಮೇಲಿನ ದೇವಸ್ಥಾನ, ಮಧ್ಯಾಹ್ನ ಬಾಂಬು, ಸಂಜೆ ದ್ರಾಕ್ಷಿ ತೋಟದಲ್ಲಿ ವೈನು. ಪುಣ್ಯಕ್ಕೆ ಕೊರತೆಯಿಲ್ಲದ ಕಾರ್ಯಕ್ರಮ. ಹರಿಪ್ರಿಯಾ ನೆಲದ ಮೇಲೆ ಸೀಮೆಸುಣ್ಣದಿಂದ ರಂಗೋಲಿ ಬಿಡಿಸಿದಳು. ಬಾಂಬಿನ ಮೂತಿಗೆ ಚೆಂಡು ಹೂವಿನ ಹಾರ, ಎರಡೂ ರೆಕ್ಕೆಗಳಿಗೆ ಅರಿಸಿನ ಕುಂಕುಮ, ಅದನ್ನು ಕೂರಿಸಿದ್ದ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು. ಊರು ಸುಡಲೆಂದೇ ಮಾಡಿದ ವಸ್ತುವಿಗೆ ದೃಷ್ಟಿ ತಾಗಬಾರದಲ್ಲ! ಪ್ರಭಾ ಬಾಲದ ಹತ್ತಿರ ಕೈಕಟ್ಟಿ ನಿಂತಿದ್ದಳು. ಮನೆಯಲ್ಲಿ ಇರಲಾರದೆ ಬಂದಿದ್ದಳು, ಇಲ್ಲಿ ನಿಲ್ಲಲಾರದೆ ನಿಂತಿದ್ದಳು.

ಮಂಗಳಾರತಿ ಆಯಿತು. ಇನ್ನು ತೆಂಗಿನಕಾಯಿ ಒಡೆಯಬೇಕು, ಒಡೆಯಲು ಕಲ್ಲಿಲ್ಲ. ನೆಲಕ್ಕೆ ಹೊಸದಾಗಿ ಪಾಲಿಶ್ ಮಾಡಿದ್ದರಿಂದ ನೆಲದ ಮೇಲೆ ಕೂಡದೆಂದು ಗ್ಲೆನ್ ಮೊದಲೇ ಹೇಳಿದ್ದ. "ಹೊರಗೆ ಪಾರ್ಕಿಂಗಲ್ಲಿ ಒಡ್ಕೊಂಡ್ ಬನ್ನಿ ರೀ," ಎಂದಳು ಹರಿಪ್ರಿಯಾ.

"ಪೂಜೆ ಇಲ್ಲಿ, ಕಾಯಿ ಪಾರ್ಕಿಂಗಲ್ಲಾ?" ದ್ವಾರಕಾನಾಥ ಪಂಚೆ ಎತ್ತಿ ಕಟ್ಟಿ ಬಾಲದ ಕಡೆ ಬಂದ. ರೆಕ್ಕೆಯ ಬುಡದ ಅಂಚನ್ನು ಕೈಯಲ್ಲಿ ತಡವಿದ. "ಜರ್ಮನ್ ಸ್ಟೀಲು ಕಣ್ರೀ! ಇದಕ್ಕಿಂತ ಕಲ್ಲು ಬೇಕಾ? ಏನ್ ಪ್ರಭಾ ಅವ್ರೇ, ನೀವು ಎಕ್ಸ್‌ಪರ್ಟು. ನೀವೇ ಹೇಳಿ, ತಡೆಯುತ್ತೋ ಇಲ್ವೋ?"

ಜನ ನಕ್ಕರು. ಪ್ರಭಾಳಿಗೆ ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನಿಸಿತು. ಆದರೆ ಕೇಳಿದ ಮೇಲೆ ನಿಜ ಮುಚ್ಚಿಡುವ ಅಭ್ಯಾಸ ಆಕೆಗಿಲ್ಲ.

"ತಡೆಯೋಲ್ಲ," ಎಂದಳು. "ಹೊಡೀಬೇಡಿ. ಅಲ್ಲಿ ವೆಲ್ಡಿಂಗ್ ಹಿಡಿದಿಲ್ಲ. ಪುಟ್ಟಿ ಮೇಲೆ ನಿಂತಿದೆ. ಆ ಮಕ್ಕಳನ್ನ ಹಿಂದೆ ಕರ್ಕೊಳ್ಳಿ."

ತಾಯಂದಿರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ದ್ವಾರಕಾನಾಥ ಮಾತ್ರ ನಕ್ಕ. "ಎಂಬತ್ತು ವರ್ಷ ನಿಂತಿದೆ ರೀ. ನಿಮ್ಮ ಫ್ಯಾಕ್ಟ್ರಿ ಮಾಲು ಅಂದ್ಕೊಂಡ್ರಾ?" ಎಂದು ಕಾಯಿ ಎತ್ತಿ, ಸಮಸ್ತ ಬಲ ಹಾಕಿ, ಬಾಲದ ಬುಡಕ್ಕೆ ಹೊಡೆದ.

ಕಾಯಿ ಒಡೆಯಲಿಲ್ಲ. ಹಸಿರು ಬಣ್ಣ ಮೊದಲು ಬಿರುಕು ಬಿಟ್ಟಿತು, ಪುಟ್ಟಿ ಹಪ್ಪಳದಂತೆ ಉದುರಿತು, ಆಮೇಲೆ ಕರ್ ಎಂಬ ಸದ್ದಿನೊಡನೆ ನಾಲ್ಕು ಬೆರಳುದ್ದದ ಆ ಬೆಸುಗೆ ಬಾಯಿ ಬಿಟ್ಟಿತು. ಬಾಲದ ರೆಕ್ಕೆ ವಾಲಿತು, ಅದರ ಮೇಲಿದ್ದ ಇಂಜಿನ್ ಕೊಳವೆ ಒಂದು ಗೇಣು ಕುಸಿದು ಬಾಂಬಿನ ಬೆನ್ನಿಗೆ ಬಡಿಯಿತು. ಆ ಅದುರಿಗೆ ಮುಂದಿದ್ದ ಹಿತ್ತಾಳೆಯ ಫಲಕ ಕಳಚಿ ನೆಲಕ್ಕೆ ಬಿತ್ತು. ತೆಂಗಿನಕಾಯಿ ರಂಗೋಲಿ ಅಳಿಸುತ್ತ ಉರುಳಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ದ್ವಾರಕಾನಾಥನ ಮುಖ ಮಾತ್ರ ಅರಿಸಿನಕ್ಕಿಂತ ಹಳದಿಯಾಗಿತ್ತು.

"ಯಾವ ಅಯೋಗ್ಯ ರೀ ಇದನ್ನ ವೆಲ್ಡ್ ಮಾಡಿದ್ದು?" ಎಂದು ಕಿರುಚಿದ. "ಯಾರು ಅವನು?"

ಮೂರು ವಾರದಿಂದ ಪ್ರಭಾ ಕಾದದ್ದು ಈ ಒಂದು ಪ್ರಶ್ನೆಗೆ. ಕೇಳುವುದಕ್ಕೂ ಈ ಮನುಷ್ಯನೇ ಬೇಕಾಯಿತು.

"ಹೆಸರು ಯಾರಿಗೂ ಗೊತ್ತಿಲ್ಲ," ಎಂದಳು. "ಸುರಂಗದಲ್ಲಿ ಕೂಡಿಹಾಕಿ ದುಡಿಸಿದ ಕೈದಿ. ಸಿಕ್ಕಿಬಿದ್ರೆ ನೇಣು ಹಾಕ್ತಾರೆ ಅಂತ ಗೊತ್ತಿತ್ತು ಅವನಿಗೆ. ಆದ್ರೂ ಮಾಡ್ದ. ಈ ಬಾಂಬು ಹಾರಬಾರ್ದು, ಯಾರ ಮನೆ ಮೇಲೂ ಬೀಳಬಾರ್ದು ಅಂತ ಮಾಡ್ದ. ಅವನನ್ನೇ ನೀವು ಪುಟ್ಟಿ ಹಾಕಿ ಮುಚ್ಚಿದ್ರಿ, ಅವನಂಥವರನ್ನ ಸಾಯಿಸಿದವರ ಮಾಲಿಗೆ ಆರತಿ ಎತ್ತಿದ್ರಿ. ಅಯೋಗ್ಯ ಅಂತೀರಲ್ಲ, ನಾಚಿಕೆ ಆಗೋಲ್ವಾ ನಿಮಗೆ?"

ಫೋನು ಎತ್ತಿದ್ದವರು ಇಳಿಸಿದರು. ಒಬ್ಬೊಬ್ಬರೇ ಹತ್ತಿರ ಬಂದು ಬಗ್ಗಿ ಆ ಸೀಳನ್ನು ನೋಡತೊಡಗಿದರು. ಕನ್ನಡ ತಿಳಿಯದ ಗ್ಲೆನ್‌ಗೆ ಮಾತಿನ ಅಗತ್ಯ ಬೀಳಲಿಲ್ಲ. ಆತ ಮರದ ಊರೆ ತಂದು ಕೊಳವೆಗೆ ಕೊಟ್ಟ, ಮೇಜಿನ ಖಾನೆಯಿಂದ ಪ್ರಭಾಳ ಹಾಳೆ ತಂದು ಸೀಳಿನ ಪಕ್ಕ ಟೇಪು ಹಾಕಿ ಅಂಟಿಸಿದ. ಇದನ್ನಿನ್ನು ಮುಚ್ಚುವವರು ತನ್ನನ್ನು ಮೊದಲು ಹೊರಗೆ ಹಾಕಲಿ ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ.

ಹರಿಪ್ರಿಯಾ ಬಿದ್ದಿದ್ದ ಫಲಕ ಎತ್ತಿ ಗಂಡನ ಕೈಗೆ ಕೊಟ್ಟಳು. "ಇದನ್ನ ಕಾರಲ್ಲಿ ಇಡಿ," ಎಂದಳು. ಅಷ್ಟೇ.

ಪ್ರಭಾ ರಂಗೋಲಿಯ ಪಕ್ಕ ಬಿದ್ದಿದ್ದ ಸೀಮೆಸುಣ್ಣದ ತುಂಡನ್ನು ಹೆಕ್ಕಿಕೊಂಡಳು. ಸೀಳಿನ ಮುಂದೆ ನಿಂತು, ಹಳೆಯ ಅಭ್ಯಾಸದಂತೆ ಕಟ್ಟಕಡೆಗೊಮ್ಮೆ ಬೆರಳಾಡಿಸಿ ನೋಡಿ, ಪಕ್ಕದ ಉಕ್ಕಿನ ಮೇಲೆ ನಿಧಾನವಾಗಿ ಒಂದು ಟಿಕ್ಕು ಹಾಕಿದಳು. ಮೂವತ್ತನಾಲ್ಕು ವರ್ಷದಲ್ಲಿ ಹಿಡಿಯದ ವೆಲ್ಡಿಂಗೊಂದನ್ನು ಆಕೆ ಎಂದೂ ಪಾಸು ಮಾಡಿರಲಿಲ್ಲ.